ವೃದ್ಧರಲ್ಲಿ ಪೊರೆ ತೆಗೆದ ಕಣ್ಣಿನ ದೃಷ್ಟಿಫಲ: ಚಿಕ್ಕೋಡಿ ಸೀಮೆಯನ್ನು ಕುರಿತು ಒಂದು ವಿಚಾರ

ಕಣ್ಣಿನ ಪೊರೆಯ ಚಿಕಿತ್ಸೆಯನ್ನು ಶಸ್ತ್ರಕ್ರಿಯೆಗಳ ಸಂಖ್ಯೆಯಿಂದಲೇ ಅಳೆಯುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ವೃದ್ಧರು ಯಾವ ಕಸುಬಿನಿಂದ ಹೊಟ್ಟೆ ಹೊರೆಯುತ್ತಾರೆಂಬುದನ್ನು ಬಲ್ಲವರಿಗಾದರೋ, ಅದರ ನಿಜವಾದ ಫಲವು ಕೆಲವು ವಾರಗಳ ತರುವಾಯ ಅವರ ಕೈಕೆಲಸದಲ್ಲಿ ತಿಳಿಯತಕ್ಕದ್ದೆಂದು ತೋರದಿರದು.

ಈ ಪ್ರಾಂತಕ್ಕೆ ನೇತ್ರಚಿಕಿತ್ಸೆ ಹೊಸದಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ಸರು ಮಿರಜಿನಲ್ಲಿ ಸ್ಥಾಪಿಸಿದ ಆಸ್ಪತ್ರೆಯು ಕಾಗವಾಡಕ್ಕೆ ನೆರೆಯಲ್ಲಿಯೇ ಇದೆ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು 1943ರಿಂದ ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ, 1993ರ ಫೆಬ್ರುವರಿಯ ವೇಳೆಗೆ 6,10,564 ಶಸ್ತ್ರಕ್ರಿಯೆಗಳನ್ನು ನೆರವೇರಿಸಿದ್ದರೆಂದು ಗಿನ್ನೆಸ್ ದಾಖಲೆಯು ಹೇಳುತ್ತದೆ. ಆ ಮಹನೀಯರ ಕಾಲದ ಬಹುಭಾಗದಲ್ಲಿ ಮಸೂರವನ್ನು ತೆಗೆದು, ಸುಮಾರು +10 ಡಯಾಪ್ಟರಿನ ದಪ್ಪ ಕನ್ನಡಕವನ್ನು ಕೊಡುತ್ತಿದ್ದರು. ವಸ್ತುಗಳು ಕಾಲುಭಾಗದಷ್ಟು ಹಿಗ್ಗಿ ಕಾಣುತ್ತಿದ್ದುದರಿಂದ ಮೆಟ್ಟಿಲಿನ ಅಂದಾಜು ತಪ್ಪುತ್ತಿತ್ತು, ಕನ್ನಡಕ ಒಡೆದರೆ ಕತ್ತಲೆ ಮರಳುತ್ತಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು ಮೊದಲು ಅಳವಡಿಸಿದ ಕೃತಕ ಮಸೂರವು ಕಾಲಕ್ರಮದಲ್ಲಿ ಇಲ್ಲಿಗೂ ಬಂದು, ಈ ಕ್ಲೇಶವನ್ನು ನೀಗಿಸಿತು.

ವಿಶ್ವ ಆರೋಗ್ಯ ಸಂಸ್ಥೆಯು 6/18 ಅಥವಾ ಅದಕ್ಕಿಂತ ಮೇಲಾದ ದೃಷ್ಟಿಯನ್ನು ಉತ್ತಮ ಫಲವೆಂದೂ, 6/60ಕ್ಕಿಂತ ಕಡಿಮೆಯಾದುದನ್ನು ಹೀನಫಲವೆಂದೂ ಎಣಿಸಿ, ತಕ್ಕ ಕನ್ನಡಕದೊಡನೆ ನೂರಕ್ಕೆ 90 ಕಣ್ಣುಗಳಾದರೂ ಮೊದಲನೆಯ ವರ್ಗಕ್ಕೆ ಸೇರಬೇಕೆಂದು ವಿಧಿಸಿತ್ತು. ಭಾರತದ 2015–19ರ ಸಮೀಕ್ಷೆಯಲ್ಲಿ, 50 ವರ್ಷ ಮೀರಿದವರ ಅಂಧತ್ವಕ್ಕೆ ಪೊರೆಯು ಶೇಕಡಾ 66.2ರಷ್ಟು ಕಾರಣವಾಗಿದ್ದರೆ, ಪೊರೆಯ ಶಸ್ತ್ರಕ್ರಿಯೆಯ ತೊಡಕುಗಳು ಶೇಕಡಾ 7.2ರಷ್ಟು ಕಾರಣವಾಗಿದ್ದವು. ಈ ಎರಡನೆಯ ಅಂಕಿಯು ನಮ್ಮನ್ನು ಕಳವಳಗೊಳಿಸಬೇಕು. ಅಕ್ಷಿಪಟಲದ ವ್ಯಾಧಿ, ಗ್ಲಾಕೋಮಾ, ಮಧುಮೇಹಗಳು ಮೊದಲೇ ಇದ್ದರೆ ವೈದ್ಯನ ಕೈಚಳಕವೂ ಸಾಲದು; ಮಸೂರದ ಶಕ್ತಿಯ ಲೆಕ್ಕ ತಪ್ಪಿದುದರಿಂದಲೋ ಕನ್ನಡಕವಿಲ್ಲದುದರಿಂದಲೋ ಉಂಟಾದ ಮಂದದೃಷ್ಟಿಯಾದರೋ ಬಹುಮಟ್ಟಿಗೆ ಸುಲಭಸಾಧ್ಯ. ವರ್ಷಗಳ ಮೇಲೆ ಕೃತಕ ಮಸೂರದ ಹಿಂಬದಿಯ ಕೋಶವು ಮಸುಕಾದಾಗ "ಪೊರೆ ಮತ್ತೆ ಬಂತು" ಎಂದು ಹಿರಿಯರು ಕೈಚೆಲ್ಲಿ ಕುಳಿತುಕೊಳ್ಳುವುದುಂಟು. ಅದನ್ನು ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ತೆರವುಮಾಡಬಹುದು.

ಇನ್ನೊಂದು ನ್ಯೂನತೆಯು ಅಳತೆಯಲ್ಲಿಯೇ ಇದೆ. 6/18 ಎಂಬುದು ದೂರದ ಫಲಕವನ್ನು ಓದಿದ ಲೆಕ್ಕ. ನಿಪ್ಪಾಣಿಯ ಮುದುಕಿಯು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ತುಂಬಿ ಸುತ್ತಿ, ಬೀಡಿಗೆ ದಾರ ಬಿಗಿಯುವುದು ಒಂದು ಮೊಳದ ಒಳಗೆ; ಅಥಣಿಯ ಚರ್ಮಕಾರನು ಚಪ್ಪಲಿಯ ಪಟ್ಟಿಯ ಮೇಲೆ ಸಣ್ಣ ಜಡೆಯನ್ನು ಹೆಣೆದು ಹೊಲಿಯುವುದೂ ಅಷ್ಟೇ ಸಮೀಪದಲ್ಲಿ. ದೂರಕ್ಕೆ ಹೊಂದಿಸಿದ ಏಕನಾಭಿ ಮಸೂರವು ಹತ್ತಿರಕ್ಕೆ ತಾನಾಗಿ ಹೊಂದಿಕೊಳ್ಳಲಾರದು, +2.5ರಿಂದ +3ರ ಕನ್ನಡಕವಿಲ್ಲದೆ ಆ ಕೈಗಳು ಸುಮ್ಮನಿರಬೇಕಾಗುತ್ತದೆ. ಕನ್ನಡ, ಮರಾಠಿಗಳೆರಡೂ ಬೆರೆತ, ಅಕ್ಷರವರಿಯದ ಹಿರಿಯರೂ ಇರುವ ಈ ಗಡಿಸೀಮೆಯಲ್ಲಿ ದೃಷ್ಟಿಯನ್ನು ಅಳೆಯಲು ಬೆರಳಿನಿಂದ ದಿಕ್ಕು ತೋರಿಸುವ 'ಇ' ಫಲಕವೇ ನ್ಯಾಯವಾದುದೆಂದು ನನ್ನ ಮತ.

"ಇನ್ನೂ ಬಲಿಯಲಿ" ಎಂದು ಕಾಯುವುದೂ ಫಲವನ್ನು ಕೆಡಿಸುತ್ತದೆ. ಬಲಿತ ಪೊರೆಯ ಹಿಂದಿನ ಅಕ್ಷಿಪಟಲವು ಪರೀಕ್ಷೆಗೆ ಕಾಣದು, ಗಟ್ಟಿಯಾದ ತಿರುಳನ್ನು ತೆಗೆಯುವಾಗ ತೊಡಕುಗಳೂ ಹೆಚ್ಚು.

ಆದುದರಿಂದ, ಈ ಐದು ತಾಲೂಕುಗಳಲ್ಲಿ ಚಿಕಿತ್ಸೆ ನಡೆಸುವವರು ಆರನೆಯ ವಾರದ ತಪಾಸಣೆಯನ್ನು ರೋಗಿಯ ತಾಲೂಕಿನಲ್ಲಿಯೇ ಏರ್ಪಡಿಸಿ, ದೂರದೃಷ್ಟಿಯ ಜೊತೆಗೆ ಸಮೀಪದೃಷ್ಟಿಯನ್ನೂ ಬರೆದಿಟ್ಟು, ಅವಶ್ಯವಾದ ಕನ್ನಡಕವನ್ನು ಅಲ್ಲಿಯೇ ಕೈಗಿತ್ತು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.