ಮಡದಿಯ ನೆನಪಿಗೆ ಇಟ್ಟ ಹಣ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಕಡೆಯ ಮಠಗಳ ದಾಸೋಹದ ಮನೆಯಲ್ಲಿ ಸ್ಟೀಲ್ ಕೊಳಗದ ಕಂಠವನ್ನು ಸ್ವಲ್ಪ ಹೊರಳಿಸಿ ನೋಡಿದರೆ, ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ಕಾಣುತ್ತದೆ: ಇಂಥವರ ಧರ್ಮಪತ್ನಿಯ ಜ್ಞಾಪಕಾರ್ಥ. ಶಾಲೆಗೆ ಬೆಂಚು, ದೇವಸ್ಥಾನಕ್ಕೆ ಗಂಟೆ, ಸಾಹಿತ್ಯ ಪರಿಷತ್ತಿಗೆ ದತ್ತಿ ಎಂದು ಹೋದವರ ಹೆಸರಲ್ಲಿ ಇದ್ದವರು ಕೊಡುವುದು ಈ ಸೀಮೆಗೆ ಹೊಸದೇನಲ್ಲ. ಆದರೆ ಕೊಡುವುದೆಲ್ಲ ಶಿವಗಣಾರಾಧನೆ ಮುಗಿದ ಮೇಲೆ. ಅದಕ್ಕೂ ಮುಂಚಿನ ಮೂರು ತಿಂಗಳ ನರಳಾಟಕ್ಕೆ, ಆ ಹಾಸಿಗೆಗೆ, ಆ ನೋವಿನ ಮಾತ್ರೆಗೆ ಚಂದಾ ಎತ್ತಿದ ಚರಿತ್ರೆ ತೀರಾ ಈಚಿನದು.

ಕ್ಯಾನ್ಸರಿಗೆ ಮಡದಿಯನ್ನು ಕಳೆದುಕೊಂಡ ಗಂಡ ಹಣ ತೆಗೆದಿಟ್ಟ ಕಥೆಗಳಲ್ಲಿ ದೊಡ್ಡದೊಂದು ಹಳೆಯ ಮೈಸೂರಿಗೇ ತಳಕು ಹಾಕಿಕೊಂಡಿದೆ. ಹೋರ್ಮಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ಅಲ್ಲಿನ ಸರ್ಕಾರಿ ಶಾಲೆಗಳೂ ಇದೇ ಇಲಾಖೆಯ ಕೆಳಗೆ ಬರುತ್ತಿದ್ದವು. ಭಾಭಾ ಅವರ ಮಗಳು ಮೆಹರ್‌ಬಾಯಿ (ಜನನ 1879) ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದಾಕೆ. 1898ರಲ್ಲಿ ಆಕೆ ಜಮ್‌ಷೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯ ಕೈಹಿಡಿದರು.

ದೊರಾಬ್‌ಜಿ ಮಡದಿಗೆ ಕೊಡಿಸಿದ ಜ್ಯೂಬಿಲಿ ವಜ್ರದ ತೂಕ 245 ಕ್ಯಾರೆಟ್, ಇಂದಿನ ಕೊಹಿನೂರಿನ ಎರಡು ಪಟ್ಟಿಗೂ ಹೆಚ್ಚು. 1924ರಲ್ಲಿ ಟಾಟಾ ಉಕ್ಕಿನ ಕಂಪನಿಗೆ ಸಂಬಳ ಕೊಡಲೂ ಕಾಸಿಲ್ಲದೆ ಹೋದಾಗ ಗಂಡ ಹೆಂಡತಿ ಸ್ವಂತ ಆಸ್ತಿಯ ಜೊತೆಗೆ ಈ ಒಡವೆಯನ್ನೂ ಅಡವಿಟ್ಟರು. ಕಂಪನಿ ಉಳಿಯಿತು, ವಜ್ರವೂ ಮನೆಗೆ ಬಂತು. 1931ರ ಜೂನಿನಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ವೇಲ್ಸ್‌ನಲ್ಲಿ ತೀರಿಕೊಂಡರು. ಮರುವರ್ಷ ದೊರಾಬ್‌ಜಿ ಆಕೆಯ ಹೆಸರಲ್ಲಿ ಮುಖ್ಯವಾಗಿ ರಕ್ತದ ಕ್ಯಾನ್ಸರ್ ಸಂಶೋಧನೆಗಾಗಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ತಮ್ಮ ಉಳಿದ ಆಸ್ತಿಯನ್ನೂ ಧರ್ಮಕ್ಕೆ ಬರೆದರು. ಮಡದಿಯ ಸಮಾಧಿ ನೋಡಲು ಹೊರಟವರು ಆ ವರ್ಷದ ಜೂನಿನಲ್ಲಿ ಜರ್ಮನಿಯಲ್ಲಿ ದಾರಿಯಲ್ಲೇ ಕೊನೆಯುಸಿರೆಳೆದರು. ವಜ್ರ ಮಾರಾಟವಾಗಿ ಹಣ ದೊರಾಬ್‌ಜಿ ಹೆಸರಿನ ಟ್ರಸ್ಟಿಗೆ ಸೇರಿತು. ಅದೇ ಟ್ರಸ್ಟ್ ಕಟ್ಟಿಸಿದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರವರಿ 28ರಂದು ಬಾಗಿಲು ತೆರೆಯಿತು.

ಅದೆಲ್ಲ ಗುಣಪಡಿಸುವ ಆಸೆಗೆ ಸುರಿದ ಹಣ. ಗುಣವಾಗದವರ ಗತಿ? ಲಂಡನ್ನಿನಲ್ಲಿ 1948ರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲಿಷ್ ನಿರಾಶ್ರಿತ, ತನ್ನನ್ನು ವಿಚಾರಿಸಿಕೊಳ್ಳುತ್ತಿದ್ದ ಸಿಸಿಲಿ ಸಾಂಡರ್ಸ್ ಅವರಿಗೆ 500 ಪೌಂಡ್ ಬಿಟ್ಟುಹೋದ. ಆಕೆ ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಗುಣವಾಗದವರ ಕೊನೆಗಾಲದ ಆರೈಕೆಯ ಮನೆ) 1967ರಲ್ಲಿ ಶುರುವಾಯಿತು. ನಮ್ಮ ದೇಶದ ಮೊದಲ ಹಾಸ್ಪಿಸ್, ಮುಂಬಯಿಯ ಶಾಂತಿ ಅವೇದನಾ ಸದನ, 1986ರದು.

ಕರ್ನಾಟಕದ ಸರದಿ 1994ರಲ್ಲಿ ಬಂತು. ಭಾರತೀಯ ಕ್ಯಾನ್ಸರ್ ಸೊಸೈಟಿಯ ರಾಜ್ಯ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಮುಂದೆ ನಿಂತವರು ಕಿಶೋರ್ ರಾವ್. ಮೊದಲು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡಿದರು. ಸರ್ಕಾರ ಜಾಗ ಕೊಟ್ಟಿತು, ದಾನಿಗಳ ಹಣದಲ್ಲಿ ಮಾರತ್‌ಹಳ್ಳಿಯ ಬಳಿ 'ಕರುಣಾಶ್ರಯ' ಎದ್ದು 1999ರಲ್ಲಿ ರೋಗಿಗಳನ್ನು ಸೇರಿಸಿಕೊಂಡಿತು. ವಾಸ್ತುಶಿಲ್ಪಿ ಸಂಜಯ್ ಮೊಹೆ ನಡುವೆ ನೀರಿನ ಕೊಳ ಇಟ್ಟು, ಸುತ್ತ ಕಲ್ಲಿನ ಗೋಡೆ ಎಬ್ಬಿಸಿ ವಾರ್ಡುಗಳನ್ನು ಹಬ್ಬಿಸಿದ್ದಾರೆ. ಫಿನಾಯಿಲ್ ವಾಸನೆಯ ಕಾರಿಡಾರು ನೋಡಿ ಬಂದವರಿಗೆ ಇದು ಆಸ್ಪತ್ರೆ ಅನ್ನಿಸುವುದೇ ಇಲ್ಲ. ರೋಗಿಯಿಂದ ಒಂದು ಪೈಸೆಯನ್ನೂ ಪಡೆಯುವುದಿಲ್ಲವಾದ್ದರಿಂದ ವರ್ಷವಿಡೀ ದೇಣಿಗೆ ಎತ್ತುತ್ತಲೇ ಇರಬೇಕು.

ಹಣವಿದ್ದರೂ ಔಷಧಿ ಸಿಗದ ಕಾಲವೂ ಇತ್ತು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಈ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ನೋವು ತಗ್ಗಿಸುವ ಮಾರ್ಫಿನ್ ಬಳಕೆ ಹನ್ನೆರಡೇ ವರ್ಷದಲ್ಲಿ ಶೇ 90ಕ್ಕೂ ಹೆಚ್ಚು ಕುಸಿಯಿತು. ಲೈಸೆನ್ಸಿನ ಕಾಟಕ್ಕೆ ಅಂಜಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಕಾಯ್ದೆ ಸಡಿಲವಾದದ್ದು 2014ರಲ್ಲಿ.

ದಾವಣಗೆರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಸುಮಾರು 260 ಕಿಲೋಮೀಟರ್. ಜಗಳೂರಿನ ರೈತನಾಗಲಿ ನ್ಯಾಮತಿಯ ಕೂಲಿಯಾಗಲಿ ಅಷ್ಟು ದೂರ ಹೋಗಿ, 'ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ' ಅನ್ನಿಸಿಕೊಂಡು ಬಂದರೆ, ಮುಂದಿನದೆಲ್ಲ ಹೆಂಡತಿಯೋ ಗಂಡನೋ ಒಬ್ಬರೇ ಹೊರಬೇಕು. ಚನ್ನಗಿರಿಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಊರಿನ ಸಿರಿಯೆಲ್ಲ ಅಡಿಕೆಯದು. ರಾಶಿ ಅಡಿಕೆಯ ಧಾರಣೆ ಏರಿದರೆ ಮಠದ ಕಾಣಿಕೆಯೂ ಏರುತ್ತದೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2003ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರಿಗೆ ಈ ತೀರ್ಮಾನ ಇಂದಿಗೂ ಒಪ್ಪಿಗೆಯಿಲ್ಲ. ಗುಟ್ಕಾವನ್ನು ಮಾತ್ರ ರಾಜ್ಯ 2013ರಲ್ಲಿ ನಿಷೇಧಿಸಿತು.

ಹಣ ಕೂಡಿಸುವ ವಿದ್ಯೆಯನ್ನು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ಭಕ್ತರ ದೇಣಿಗೆಯಿಂದ ನಾಡಿನುದ್ದ ನಡೆಯುವ ಮಠದ ಉತ್ಸವ, ತರಳಬಾಳು ಹುಣ್ಣಿಮೆ, ಮೊದಲು ಆದದ್ದು 1950ರಲ್ಲಿ, ಮಳೆ ಕಾಣದ ಜಗಳೂರಿನಲ್ಲೇ. ಅದೇ ಜಾಣ್ಮೆಯನ್ನು ಕೊನೆಗಾಲದ ಆರೈಕೆಗೆ ತಿರುಗಿಸಿದವರು ಕೇರಳದವರು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಕೆಲಸ ಕೆಲವೇ ವರ್ಷಗಳಲ್ಲಿ ಮಲಪ್ಪುರಂ ಜಿಲ್ಲೆಗೆ ಹರಡಿ, ಅಂಗಡಿಯ ಡಬ್ಬಿ ಮತ್ತು ಶಾಲಾ ಮಕ್ಕಳ ಚಿಲ್ಲರೆ ಕಾಸಿನ ಮೇಲೆ ನಿಂತಿತು. 2008ರಲ್ಲಿ ಕೇರಳ ಸರ್ಕಾರವೇ ನೀತಿ ರೂಪಿಸಿ ಪಂಚಾಯಿತಿಗಳಿಗೆ ಹೊಣೆ ಹೊರಿಸಿತು. ಕಾಸರಗೋಡಿನ ಕನ್ನಡದ ಮನೆಗಳಿಗೂ ಈಗ ನರ್ಸ್ ಬರುತ್ತಾರೆ. ಕರ್ನಾಟಕದ ನೀತಿ 2016ರದು. ನರ್ಸಿನ ಜೀಪಿನ ಡೀಸೆಲ್ ಖರ್ಚು ಯಾರದು ಎಂಬ ಪ್ರಶ್ನೆಗೆ ಮಲಪ್ಪುರದವರು ಡಬ್ಬಿಯಲ್ಲಿ ಉತ್ತರ ಕಂಡುಕೊಂಡರು. ಚನ್ನಗಿರಿಯ ಅಡಿಕೆ ಮಂಡಿಗಳ ಗಲ್ಲಾದ ಪಕ್ಕ ಅಂಥದೊಂದು ಡಬ್ಬಿಗೆ ಜಾಗವೇನೋ ಧಾರಾಳವಾಗಿದೆ.