ಅಭ್ಯಾಸದಿಂದ ಬಂದ ರುಚಿ: ಸ್ಕಾಟ್ಲೆಂಡಿನ ವಿಸ್ಕಿಯ ನಿದರ್ಶನ

ರುಚಿಯು ನಾಲಗೆಯ ಸಹಜಗುಣವೆಂದು ಭಾವಿಸುವುದು ರೂಢಿ. ಶಿಶುವು ಸಿಹಿಯನ್ನು ಬಯಸಿ ಕಹಿಗೆ ಮುಖ ತಿರುಗಿಸುವುದರಿಂದ ಈ ಭಾವನೆಗೆ ಆಧಾರವಿಲ್ಲದೆ ಇಲ್ಲ. ಆದರೆ ಅದೇ ಶಿಶು ಬೆಳೆದ ಮೇಲೆ ಕಹಿಯನ್ನೂ ಖಾರವನ್ನೂ ಹೊಗೆಯ ವಾಸನೆಯನ್ನೂ ಅರಸಿ ಹೋಗುವುದು ಹೇಗೆ? ಈ ಪ್ರಶ್ನೆಗೆ ಶರೀರಶಾಸ್ತ್ರವೊಂದೇ ಉತ್ತರ ಕೊಡಲಾರದು; ಇತಿಹಾಸವನ್ನೂ ಕೇಳಬೇಕಾಗುತ್ತದೆ.

ಸ್ಕಾಟ್ಲೆಂಡಿನ ರಾಜಭಂಡಾರದ 1494ರ ಲೆಕ್ಕದಲ್ಲಿ, 'ಜೀವಜಲ'ವನ್ನು ತಯಾರಿಸಲೆಂದು ಜಾನ್ ಕಾರ್ ಎಂಬ ಕ್ರೈಸ್ತ ಸಂನ್ಯಾಸಿಗೆ ಎಂಟು ಬೋಲ್ ಅಳತೆಯ ಮಾಲ್ಟನ್ನು ಕೊಟ್ಟ ಉಲ್ಲೇಖವಿದೆ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮರಗಳು ವಿರಳವಾದ ಐಲಾ ಮೊದಲಾದ ದ್ವೀಪಗಳಲ್ಲಿ ಅದನ್ನು ಒಣಗಿಸುವುದಕ್ಕೆ ದೊರೆಯುತ್ತಿದ್ದ ಉರುವಲು ಪೀಟ್, ಅಂದರೆ ಜೌಗುನೆಲದಿಂದ ಕಡಿದು ತೆಗೆದು ಒಣಗಿಸಿದ ಸಸ್ಯಾವಶೇಷ. ಅದರ ಹೊಗೆಯಲ್ಲಿರುವ ಫೀನಾಲ್ ದ್ರವ್ಯಗಳು ಧಾನ್ಯಕ್ಕೆ ಹತ್ತಿ, ಬಟ್ಟಿಯಿಳಿಸಿದ ಮದ್ಯದಲ್ಲಿಯೂ ಉಳಿಯುತ್ತವೆ. ಆದುದರಿಂದ ಇಂದು ರಸಿಕರು ಕೊಂಡಾಡುವ ಈ ಹೊಗೆಯ ರುಚಿಯ ಮೂಲವು ರಸಿಕತೆಯಲ್ಲ, ಉರುವಲು.

ಹೊರಗಿನವರಿಗೆ ಈ ಪಾನೀಯವು ಹಿಡಿಸಿದುದು ಅದರ ತೀಕ್ಷ್ಣತೆಯನ್ನು ಇಳಿಸಿದ ಬಳಿಕವೇ. 1830ರಲ್ಲಿ ಈನಿಯಸ್ ಕಾಫಿ ಎಂಬಾತನು ಹಕ್ಕುಪತ್ರ ಪಡೆದ ನಿರಂತರ ಬಟ್ಟಿಯಂತ್ರದಿಂದ ಹಗುರವಾದ ಧಾನ್ಯಮದ್ಯವು ಅಗ್ಗವಾಗಿ ದೊರೆಯತೊಡಗಿತು. ಸುಂಕ ತೆರುವುದಕ್ಕೆ ಮೊದಲೇ ಅದನ್ನು ಮಾಲ್ಟ್ ವಿಸ್ಕಿಯೊಡನೆ ಬೆರೆಸಲು 1860ರ ಕಾಯಿದೆ ಎಡೆಮಾಡಿತು. ಆ ದಶಕದಲ್ಲಿಯೇ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಫಿಲಾಕ್ಸೆರ ಕೀಟವು ತಗುಲಿ, ಮುಂದೆ ಬ್ರಾಂದಿಯು ದುರ್ಲಭವಾಯಿತು. ತೆರವಾದ ಆ ಸ್ಥಾನವನ್ನು ಮಿಶ್ರ ವಿಸ್ಕಿಯು ಆಕ್ರಮಿಸಿತು. ಅದಕ್ಕೆ ವಿಸ್ಕಿಯೆಂಬ ಹೆಸರು ಸಲ್ಲುವುದೆಂದು 1909ರಲ್ಲಿ ರಾಜ ಆಯೋಗವೊಂದು ತೀರ್ಮಾನಿಸಿತು.

ಹೀಗೆ ಮೃದುವಿನಲ್ಲಿ ಪಳಗಿದ ನಾಲಗೆಯು ಮುಂದೆ ತೀಕ್ಷ್ಣದ ಕಡೆಗೆ ತಿರುಗಿತು. 1963ರಿಂದ ಗ್ಲೆನ್‌ಫಿಡಿಕ್ ತನ್ನ ಏಕಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಹೊರಗೆ ಪ್ರಚಾರಮಾಡಿತು. ಆದರೂ ಬದಲಾವಣೆ ನಿಧಾನವಾಗಿದ್ದಿತು: ಐಲಾ ದ್ವೀಪದ ಪೋರ್ಟ್ ಎಲೆನ್ ಭಟ್ಟಿಯು ಬೇಡಿಕೆ ಕುಗ್ಗಿ 1983ರಲ್ಲಿ ಮುಚ್ಚಿತು, ಬಳಿಕ ಅದರ ಹಳೆಯ ದಾಸ್ತಾನು ಅತ್ಯಂತ ದುಬಾರಿಯಾಯಿತು, 2024ರಲ್ಲಿ ಅದೇ ಭಟ್ಟಿ ಮತ್ತೆ ತೆರೆಯಿತು. ಹೊಗೆ ಬದಲಾಗಲಿಲ್ಲ, ಬದಲಾದದ್ದು ಕುಡಿಯುವವರ ಮನಸ್ಸು. ಬೆಂಗಳೂರಿನ ಅಮೃತ್ ಸಂಸ್ಥೆಯು 2004ರಲ್ಲಿ ತನ್ನ ಏಕಮಾಲ್ಟನ್ನು ಗ್ಲಾಸ್ಗೋದಲ್ಲಿಯೇ ಮಾರಾಟಕ್ಕಿಟ್ಟುದು ಈ ಇತಿಹಾಸದ ಇತ್ತೀಚಿನ ತಿರುವು.

ಮತ್ತೆ ಮತ್ತೆ ಎದುರಾದ ವಸ್ತುವಿನ ಮೇಲೆ ಒಲವು ಬೆಳೆಯುವುದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾಂಕ್ 1968ರಲ್ಲಿ ಪ್ರತಿಪಾದಿಸಿದನು. ಆದರೆ ಮೊದಲ ಗುಟುಕಿನ ಬಳಿಕ ಎರಡನೆಯದಕ್ಕೆ ಪ್ರೇರಿಸುವುದು ಸಂಗಡಿಗರು, ಪ್ರತಿಷ್ಠೆ, ಬೆಲೆ. ನಮ್ಮಲ್ಲಿ ಕಾಫಿಯ ಕಹಿಯೂ ಹಾಲುಸಕ್ಕರೆಗಳ ನೆರವಿನಿಂದಲೇ ಮನೆಮನೆಯನ್ನು ಹೊಕ್ಕಿತು. ಆದರೆ ಈ ಹೋಲಿಕೆಗೆ ಒಂದು ಮಿತಿಯುಂಟು. ಮದ್ಯದ ವಿಷಯದಲ್ಲಿ ಅಭ್ಯಾಸವು ರುಚಿಯನ್ನು ಕಲಿಸುವಂತೆಯೇ ವ್ಯಸನವನ್ನೂ ಕಲಿಸಬಲ್ಲುದು. ಮೊದಲನೆಯದನ್ನು ಸಂಸ್ಕಾರವೆಂದು ಹೊಗಳಿ ಎರಡನೆಯದನ್ನು ಮರೆತರೆ ಇತಿಹಾಸವು ಅರ್ಧವಾಗುತ್ತದೆ. ರುಚಿಯು ಕಲಿತದ್ದೆಂದು ತಿಳಿದವನು, ಅದನ್ನು ಕಲಿಯದವನನ್ನು ಅರಸಿಕನೆಂದು ಹಳಿಯಲಾರನು.