ಮೂರು ವರ್ಷದ ಕೂಲಿ, ಮದುವೆಯ ಹೆಸರು

ಕೊಯಮತ್ತೂರು ಮತ್ತು ತಿರುಪ್ಪೂರು ಸುತ್ತಿನ ನೂಲಿನ ಗಿರಣಿಗಳಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಒಂದು ಹೊಸ ಬಗೆಯ ನೇಮಕ ಬೇರೂರಿತು. ಮದುವೆಯಾಗದ ಹುಡುಗಿ ಮೂರು ವರ್ಷ ಗಿರಣಿಯ ಆವರಣದಲ್ಲಿರುವ ಹಾಸ್ಟೆಲಿನಲ್ಲೇ ಉಳಿದು ದುಡಿಯಬೇಕು. ಕೂಲಿಯ ಸಣ್ಣದೊಂದು ಪಾಲು, ಊಟದ ಖರ್ಚು ಕಳೆದು, ಕೈಗೆ ಬರುತ್ತದೆ. ಉಳಿದದ್ದು ಗಿರಣಿಯ ಲೆಕ್ಕದಲ್ಲೇ ಇದ್ದು, ಅವಧಿ ಮುಗಿದ ಮೇಲೆ 30,000ದಿಂದ 50,000 ರೂಪಾಯಿಯ ಇಡಿಗಂಟಾಗಿ ಸಿಗುತ್ತದೆ. ಆ ಹಣ ಅವಳ ಮದುವೆಗೆ. ಸುಮಂಗಲಿ ಯೋಜನೆ ಎಂದು ಇದಕ್ಕೆ ಹೆಸರು. ಮಾಂಗಲ್ಯ ಯೋಜನೆ, ತಿರುಮಣ ಯೋಜನೆ ಎಂದು ಕರೆದ ಗಿರಣಿಗಳೂ ಇದ್ದವು. ಮಧುರೈ, ತೇಣಿ, ದಿಂಡಿಗಲ್, ವಿರುದುನಗರ, ತಿರುನೆಲ್ವೇಲಿ ಕಡೆಯ ಹಳ್ಳಿಗಳಿಗೆ ಏಜೆಂಟರು ಹೋಗಿ ಹುಡುಗಿಯರನ್ನು ಕರೆತಂದರು, ತಲೆಗಿಷ್ಟು ಎಂದು ಕಮಿಷನ್ ಪಡೆದರು. ಬಂದವರಲ್ಲಿ ಬಹಳಷ್ಟು ಜನ ದಲಿತ ಕುಟುಂಬದವರು. ಇದರ ಬಗ್ಗೆ ಬರೆದ ಅನೇಕರು ಇದನ್ನು ಹಳೆಯ ಕಟ್ಟಳೆಯ ಮುಂದುವರಿಕೆಯೆಂದು, ಹಿಂದುಳಿದ ಸಮಾಜದ ಪಳೆಯುಳಿಕೆಯೆಂದು ವಿವರಿಸಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸುಮಂಗಲಿ ಯೋಜನೆಯಲ್ಲಿ ಹಳತೆನ್ನುವುದು ಬಹುಮಟ್ಟಿಗೆ ಹೆಸರು ಮಾತ್ರ. ಕಾರ್ಮಿಕ ಕಾನೂನುಗಳನ್ನು ಚೆನ್ನಾಗಿ ಓದಿಕೊಂಡವರು, ರಫ್ತು ಮಾರುಕಟ್ಟೆಯ ಅವಸರಕ್ಕೆ ತಕ್ಕಂತೆ ಹೊಲಿದ ವ್ಯವಸ್ಥೆ ಅದು. ದುಡಿಯುವ ಹೆಣ್ಣಿಗೆ ಕಾರ್ಮಿಕಳೆಂಬ ಸ್ಥಾನ ಸಿಗದಂತೆ ನೋಡಿಕೊಳ್ಳುವುದೇ ಅದರ ತಿರುಳು.

ಈ ಸೀಮೆ ಕನ್ನಡಿಗರಿಗೆ ತೀರ ಪರಸ್ಥಳವಲ್ಲ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಅಲ್ಲಿನ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವವರಿದ್ದಾರೆ. ಅವರ ಮಗ್ಗದ ಮನೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಗಂಡಸು ಮಗ್ಗದಲ್ಲಿ ಕೂತರೆ ಹೆಂಗಸರೂ ಮಕ್ಕಳೂ ನೂಲು ಬಿಡಿಸಿ ಕಂಡಿಕೆ ಸುತ್ತುತ್ತಿದ್ದರು. ಸೀರೆಗೆ ಬಂದ ಕೂಲಿ ಮನೆಯ ಯಜಮಾನನ ಕೈಗೆ ಹೋಗುತ್ತಿತ್ತು, ಕಂಡಿಕೆ ಸುತ್ತಿದ ಕೈಗೆ ಬೇರೆ ಲೆಕ್ಕವಿರಲಿಲ್ಲ. ಗಿರಣಿ ಬಂದಾಗ ಈ ಲೆಕ್ಕ ಬದಲಾಯಿತು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಮತ್ತು ಅವನ ಜೊತೆಗಾರರು ಕೊಯಮತ್ತೂರು ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಸ್ ಕಟ್ಟಿದರು. 1910ರಲ್ಲಿ ಜಿ. ಕುಪ್ಪುಸ್ವಾಮಿ ನಾಯ್ಡು ಲಕ್ಷ್ಮೀ ಮಿಲ್ಸ್ ಆರಂಭಿಸಿದರು. 1932ರಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಇಳಿದು ಬಂದದ್ದೇ ತಡ, ಊರ ಸುತ್ತ ಗಿರಣಿಗಳು ಸಾಲಾಗಿ ಎದ್ದವು. ಲಡಿ ಸುತ್ತುವ, ಕಸಹತ್ತಿ ಆರಿಸುವ ವಿಭಾಗಗಳಲ್ಲಿ ಹೆಂಗಸರು ಗಣನೀಯವಾಗಿ ಇದ್ದರು. ಕೂಲಿ ಗಂಡಸರದಕ್ಕಿಂತ ಕಡಿಮೆಯಾದರೂ ಅದು ಅವರ ಹೆಸರಿಗೇ ಬರುತ್ತಿತ್ತು, ಸಂಜೆ ಅವರು ತಮ್ಮ ಮನೆಗೆ ಹೋಗುತ್ತಿದ್ದರು. ಸಂಘಟನೆಯಲ್ಲೂ ಅವರಿದ್ದರು. 1946ರ ಜನವರಿ 8ರಂದು ಕೊಯಮತ್ತೂರು ಸೆರೆಮನೆಯಲ್ಲಿ ಗಲ್ಲಿಗೇರಿದ ಚಿನ್ನಿಯಂಪಾಳಯದ ನಾಲ್ವರು ಗಿರಣಿ ಕಾರ್ಮಿಕರ ಪ್ರಕರಣದ ಮೂಲದಲ್ಲಿ ಇದ್ದದ್ದು ಒಬ್ಬ ಮಹಿಳಾ ಕಾರ್ಮಿಕಳ ಮೇಲಿನ ದೌರ್ಜನ್ಯ. ಗಿರಣಿಯ ಹೆಣ್ಣೆಂದರೆ ಯಾರದೋ ಮಗಳು ಎಂಬುದಕ್ಕಿಂತ ಮೊದಲು ಜೊತೆ ಕಾರ್ಮಿಕಳು ಎಂಬ ಭಾವನೆ ಆ ಕಾಲಕ್ಕೆ ಇತ್ತೆನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯಾನಂತರ ಹೆಂಗಸರು ಗಿರಣಿಯಿಂದ ಮೆಲ್ಲಗೆ ಹೊರಬಿದ್ದರು. 1948ರ ಕಾರ್ಖಾನೆ ಕಾಯಿದೆಯ 66ನೇ ಕಲಮು ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಅವರ ದುಡಿಮೆಯನ್ನು ನಿಷೇಧಿಸಿತು. ಹೆರಿಗೆ ಭತ್ಯೆ, ಶಿಶುಪಾಲನೆಯ ಕೋಣೆ ಎಂಬ ಹೊಣೆಗಳೂ ಬಂದವು. ರಕ್ಷಣೆ ಕೊಡಬೇಕಾದವಳನ್ನು ನೇಮಿಸದೆ ಇರುವುದೇ ಅಗ್ಗ ಎಂದು ಮಾಲೀಕರು ಲೆಕ್ಕ ಹಾಕಿದರು. ಮುಂದಿನ ಮೂರು ದಶಕ ಕೊಯಮತ್ತೂರಿನ ಗಿರಣಿ ಕಾರ್ಮಿಕನೆಂದರೆ ಗಂಡಸು: ಕಾಯಂ ನೌಕರಿ, ಪಿ.ಎಫ್., ಬೋನಸ್ಸು, ಸಂಘದ ಚೀಟಿ. ಆ ಕಾಯಂ ನೌಕರಿ ದುಬಾರಿಯಾಯಿತೆಂದು ಮಾಲೀಕರಿಗೆ ಅನ್ನಿಸತೊಡಗಿದ ಕಾಲದಲ್ಲೇ, 1981ರಲ್ಲಿ, ತಮಿಳುನಾಡು ಒಂದು ಕಾನೂನು ತಂದಿತು. 24 ತಿಂಗಳಲ್ಲಿ 480 ದಿನ ದುಡಿದ ಕೆಲಸಗಾರನನ್ನು ಕಾಯಂ ಮಾಡಲೇಬೇಕು ಎಂದು ಅದು ವಿಧಿಸಿತು. ಮೂರು ವರ್ಷ ದುಡಿಸಿ ಕಾಯಂ ಮಾಡದೆ ಕಳುಹಿಸಬೇಕಾದರೆ ಆ ವ್ಯಕ್ತಿ ಕೆಲಸಗಾರನೇ ಅಲ್ಲವೆಂದು ತೋರಿಸಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಪದ ಅಲ್ಲಿ ಒದಗಿತು. ಕೆಲವೇ ತಿಂಗಳಲ್ಲಿ ಕೈಗೆ ಹತ್ತುವ ಕೆಲಸಕ್ಕೆ ಮೂರು ವರ್ಷದ ತರಬೇತಿ! 2000ದಲ್ಲಿ ಮದರಾಸು ಹೈಕೋರ್ಟು ವಸಂತಾ ಪ್ರಕರಣದಲ್ಲಿ ರಾತ್ರಿ ಪಾಳಿಯ ನಿಷೇಧವನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿತು. ಸುರಕ್ಷತೆಯ ಷರತ್ತುಗಳನ್ನು ಹಾಕಿಯೇ ತೆಗೆಯಿತು, ಸಮಾನತೆಯ ದೃಷ್ಟಿಯಿಂದ ಸರಿಯಾಗಿಯೇ ತೆಗೆಯಿತು. ಆದರೆ ಗಿರಣಿಗೆ ಅದು ಬೇರೆ ಬಾಗಿಲು ತೆರೆಯಿತು: ಆವರಣದೊಳಗೇ ಮಲಗುವ ಹುಡುಗಿಯನ್ನು ಈಗ ಮೂರೂ ಪಾಳಿಗೆ ಎಬ್ಬಿಸಬಹುದು. 2005ರ ಜನವರಿ 1ರಂದು ಜಾಗತಿಕ ಜವಳಿ ಕೋಟಾ ಮುಗಿದು ತಿರುಪ್ಪೂರಿನ ಬನಿಯನ್, ಟೀ ಷರ್ಟುಗಳಿಗೆ ಯುರೋಪು, ಅಮೆರಿಕಗಳಿಂದ ಬೇಡಿಕೆ ಏರಿದಾಗ ನೂಲಿಗೆ ಬಿಡುವಿಲ್ಲದ ಕೈಗಳು ಬೇಕಾದವು. ಯೋಜನೆ ಹಬ್ಬಿದ್ದು ಈ ವರ್ಷಗಳಲ್ಲಿ.

ಹಳೆಯ ಜೀತಕ್ಕೂ ಇದಕ್ಕೂ ಹೋಲಿಕೆ ತೆಗೆಯುವವರಿಗೆ ಒಂದು ಮಾತು. ಕೊಯಮತ್ತೂರು ಸೀಮೆಯಲ್ಲಿ ಜೀತ ಇತ್ತು, ಸುಳ್ಳಲ್ಲ. ಗೌಂಡರ ತೋಟಗಳಲ್ಲಿ ಅರುಂಧತಿಯರ್ ಕುಟುಂಬಗಳು ಪಣ್ಣೈಯಾಳುಗಳಾಗಿ, ಮದುವೆಗೋ ಕಾಯಿಲೆಗೋ ಪಡೆದ ಮುಂಗಡ ತೀರುವವರೆಗೆ ವರ್ಷಾನುಗಟ್ಟಲೆ ದುಡಿದವು. ಪಲ್ಲಡಂ, ಸೋಮನೂರು ಕಡೆಯ ಪವರ್‌ಲೂಮುಗಳಲ್ಲೂ ಮುಂಗಡದ ಕಟ್ಟು ಬಹುಕಾಲ ಉಳಿಯಿತು. ಆದರೆ ಅಲ್ಲಿ ಸಾಲಗಾರ ಆಳು, ಸಾಲ ಕೊಟ್ಟವನು ಒಡೆಯ. ಸುಮಂಗಲಿಯಲ್ಲಿ ಇದು ತಿರುಗುಮುರುಗಾಯಿತು. ತಿಂಗಳು ತಿಂಗಳೂ ಹುಡುಗಿಯ ಕೂಲಿಯನ್ನು ತನ್ನಲ್ಲಿ ಇಟ್ಟುಕೊಳ್ಳುವ ಗಿರಣಿಯೇ ಸಾಲಗಾರ, ಹುಡುಗಿಯೇ ಸಾಲ ಕೊಟ್ಟವಳು. ಬಡ್ಡಿ ಕೊಡಬೇಕಾದ ಸಾಲಗಾರ ಸಾಲ ಕೊಟ್ಟವಳನ್ನೇ ಗೇಟಿನೊಳಗೆ ಇಟ್ಟುಕೊಂಡ! ಎರಡೂವರೆ ವರ್ಷಕ್ಕೆ ಕಾಯಿಲೆ ಬಿದ್ದು ಮನೆಗೆ ಹೋದವಳಿಗೆ ಇಡಿಗಂಟು ಸಿಗದೆಹೋದ ಪ್ರಕರಣಗಳು ವರದಿಯಾದವು. ಬಿಟ್ಟುಹೋದರೆ ನಷ್ಟವಾಗುವುದು ಅವಳಿಗೆ, ಲಾಭವಾಗುವುದು ಗಿರಣಿಗೆ. ಜೀತದ ಒಡೆಯ ಮುಂಗಡವಾಗಿ ಕೊಟ್ಟ ಹಣಕ್ಕಾದರೂ ಕೈ ಬಿಚ್ಚಬೇಕಿತ್ತು, ಇಲ್ಲಿ ಅದೂ ಇಲ್ಲ. ಆದ್ದರಿಂದ ಇದನ್ನು ಜೀತದ ಮುಂದುವರಿಕೆ ಎನ್ನುವುದಕ್ಕಿಂತ ಜೀತದ ಪಾಠ ಕಲಿತು ಅದಕ್ಕಿಂತ ಅಗ್ಗದಲ್ಲಿ ಕಟ್ಟಿದ್ದು ಎನ್ನುವುದೇ ಸರಿ.

ವರದಕ್ಷಿಣೆ ಇರುವವರೆಗೆ ಇಂಥವು ಇರುತ್ತವೆ, ಗಿರಣಿಯನ್ನು ಬೈದು ಏನು ಫಲ ಎಂಬ ಆಕ್ಷೇಪವಿದೆ. ಅರ್ಧ ನಿಜ. ವರದಕ್ಷಿಣೆ ನಿಷೇಧ ಕಾಯಿದೆಯೂ 1961ರದೇ. ಅಪ್ರೆಂಟಿಸ್ ಕಾಯಿದೆಯ ಜೊತೆ ಹುಟ್ಟಿದ ಅದನ್ನು ಯಾರೂ ಓದಲಿಲ್ಲ. ಆದರೆ ತಮಿಳುನಾಡಿನ ದಲಿತ, ಹಿಂದುಳಿದ ಜಾತಿಗಳಲ್ಲಿ ವರದಕ್ಷಿಣೆ ಅಷ್ಟು ಹಳೆಯದಲ್ಲ. ನಮ್ಮಲ್ಲಿ ತೆರ ಕೊಡುತ್ತಿದ್ದಂತೆ ಅಲ್ಲಿ ಗಂಡಿನ ಕಡೆಯವರೇ ಪರಿಸಂ ಕೊಟ್ಟು ಹೆಣ್ಣು ತರುತ್ತಿದ್ದರು. ಸೋದರಮಾವನ ಮಗನಿಗೆ ಕೊಡುವಾಗ ಹಣದ ಮಾತೇ ದೊಡ್ಡದಾಗಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ, ಗಂಡಸರ ಸಂಬಳದ ಕೆಲಸ ಹೆಚ್ಚಿದಂತೆ, ತೆರ ತಿರುಗಿ ವರದಕ್ಷಿಣೆಯಾಯಿತು. ಅಂದರೆ ಗಿರಣಿ ಸೇವೆ ಸಲ್ಲಿಸಿದ್ದು ಪರಂಪರೆಗಲ್ಲ, ತನ್ನಷ್ಟೇ ಹೊಸದಾದ ಒಂದು ಖರ್ಚಿಗೆ. ಆ ಖರ್ಚಿಗೆ ಹಣ ಹೊಂದಿಸುವ ಹೊಣೆ ತಂದೆಯದಾಗಿತ್ತು. ಯೋಜನೆ ಅದನ್ನು ಮಗಳ ಹೆಗಲಿಗೆ ದಾಟಿಸಿ, ತಂದೆಯ ಗೌರವವನ್ನು ಮಾತ್ರ ಗಿರಣಿಗೆ ಕೊಟ್ಟಿತು. ಯಾವ ಹಬ್ಬಕ್ಕೆ ಊರಿಗೆ ಕಳುಹಿಸಬೇಕು, ಯಾರ ಜೊತೆ ಫೋನಿನಲ್ಲಿ ಮಾತನಾಡಬಹುದು, ಪೇಟೆಗೆ ಹೋಗುವಾಗ ಕಾವಲಿಗೆ ಯಾರು ಎಂದು ವಾರ್ಡನ್ ತೀರ್ಮಾನಿಸುವುದು ಈ ಹೊಸ ತಂದೆತನದ ಹಕ್ಕು.

ದುಡಿಯುವವಳನ್ನು ಕಾರ್ಮಿಕಳಲ್ಲವೆನ್ನುವ ಈ ಜಾಣತನ ತಮಿಳುನಾಡಿನದು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಸ್ಪೇನಿಗೆ ಓ ಪೇರ್ ಆಗಿ ಹೋಗುವ ಯುವತಿಯ ಸ್ಥಾನವನ್ನು ನೋಡಿ. ಒಂದು ಕುಟುಂಬದ ಮನೆಯಲ್ಲಿ ಉಳಿಯುತ್ತಾಳೆ, ಮಕ್ಕಳನ್ನು ನೋಡಿಕೊಂಡು ಸಣ್ಣಪುಟ್ಟ ಮನೆಗೆಲಸ ಮಾಡುತ್ತಾಳೆ, ಊಟ, ಕೋಣೆ ಮತ್ತು ಕೈಖರ್ಚಿನ ಹಣ ಪಡೆಯುತ್ತಾಳೆ, ಭಾಷೆ ಕಲಿಯುತ್ತಾಳೆ. ಯುರೋಪಿನ ದೇಶಗಳು 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೊಂದು ಒಪ್ಪಂದ ಮಾಡಿಕೊಂಡವು, ಸ್ಪೇನ್ 1988ರಲ್ಲಿ ಅದನ್ನು ಅನುಮೋದಿಸಿತು. ಇಂಥ ಯುವಜನ ವಿದ್ಯಾರ್ಥಿಗಳೂ ಅಲ್ಲ, ಕಾರ್ಮಿಕರೂ ಅಲ್ಲ, ಎರಡರ ಲಕ್ಷಣವನ್ನೂ ಹೊಂದಿದ ವಿಶೇಷ ವರ್ಗ ಎಂದು ಅದರ ಪೀಠಿಕೆಯೇ ಹೇಳುತ್ತದೆ. ಹಾಸ್ಟೆಲಿನ ಅಪ್ರೆಂಟಿಸ್ ನಿಂತ ನಡುಜಾಗವೂ ಇದೇ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯವೆಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ, ಆದರೆ ವ್ಯತ್ಯಾಸ ಎಲ್ಲಿದೆ ಎಂದು ಗಮನಿಸಬೇಕು. ಸ್ಪೇನಿನ ಮನೆಯವರು ಹೆಚ್ಚು ಮಮತೆಯುಳ್ಳವರು ಎಂಬಲ್ಲಿ ಅಲ್ಲ. ಒಪ್ಪಂದದ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಾರಕ್ಕೊಂದು ಪೂರ್ತಿ ದಿನ ರಜೆ, ಅವಧಿ ಒಂದು ವರ್ಷ, ಹೆಚ್ಚೆಂದರೆ ಎರಡು, ವಯಸ್ಸು 17ರಿಂದ 30, ಎಲ್ಲವೂ ಬರಹದಲ್ಲಿ. ಅಂದರೆ ಕುಟುಂಬದ ಮಾತನ್ನು ನಂಬದೆ ಗಂಟೆ ಎಣಿಸಿದಲ್ಲಿ ಮಾತ್ರ ಆಕೆಗೆ ರಕ್ಷಣೆ ಸಿಕ್ಕಿದೆ. ಅಷ್ಟಿದ್ದೂ ಯುರೋಪಿನಲ್ಲಿ ಇದು ಅಗ್ಗದ ಮನೆಗೆಲಸಕ್ಕೆ ಮರೆಯಾಗಿದೆ ಎಂಬ ದೂರು ನಿಂತಿಲ್ಲ. 2024ರಲ್ಲಿ ನಾರ್ವೆ ತನ್ನ ಓ ಪೇರ್ ವ್ಯವಸ್ಥೆಯನ್ನೇ ನಿಲ್ಲಿಸಿತು.

ಹುಡುಗಿಯರೇ ಒಪ್ಪಿ ಬಂದರಲ್ಲ, ಹಳ್ಳಿಯ ಕೂಲಿಗಿಂತ ಇದು ಮೇಲಲ್ಲವೆ ಎಂಬುದು ಹೆಚ್ಚು ತೂಕದ ಆಕ್ಷೇಪ. ಬಿಸಿಲಿನ ಹೊಲಗೆಲಸಕ್ಕಿಂತ, ಶಿವಕಾಶಿಯ ಬೆಂಕಿಪೊಟ್ಟಣದ ಶೆಡ್ಡಿಗಿಂತ ಗಿರಣಿ ಲೇಸೆಂದು ಬಂದವರಿದ್ದರು. ಇಡಿಗಂಟು ಪೂರ್ತಿ ಪಡೆದು ಹೋದವರಿದ್ದರು. ಬೇರೆ ಊರಿನ ಗೆಳತಿಯರನ್ನು, ಸ್ವಂತ ದುಡಿಮೆಯ ಹೆಮ್ಮೆಯನ್ನು ಅಲ್ಲಿ ಕಂಡವರೂ ಇದ್ದರು. ಅವರ ಬದುಕನ್ನು ಬರೀ ಗೋಳಿನ ಕತೆಯಾಗಿ ಬರೆಯುವುದು ಅವರಿಗೆ ಮಾಡುವ ಇನ್ನೊಂದು ಅವಮಾನ. ಆದರೆ ಒಪ್ಪಿ ಬಂದರು ಎಂಬುದು ಕೆಲಸಕ್ಕೆ ಉತ್ತರ, ಕೂಲಿ ತಡೆಹಿಡಿದದ್ದಕ್ಕೆ ಅಲ್ಲ. ಮದುವೆಗೆ ಹಣ ಕೂಡಿಡುವುದೇ ಉದ್ದೇಶವಾಗಿದ್ದರೆ ಅಂಚೆ ಕಚೇರಿಯ ಉಳಿತಾಯ ಖಾತೆ ಸಾಕಿತ್ತು, ಬಡ್ಡಿಯೂ ಬರುತ್ತಿತ್ತು. ಬೇರೆ ದೇಶಗಳ ಇತಿಹಾಸವೂ ಇದನ್ನೇ ತೋರಿಸುತ್ತದೆ. ಅಮೆರಿಕದ ಲೋವೆಲ್ ಗಿರಣಿಗಳು 1820ರ ದಶಕದಿಂದ ರೈತರ ಹೆಣ್ಣುಮಕ್ಕಳನ್ನು ವಸತಿಗೃಹಗಳಲ್ಲಿಟ್ಟು, ಚರ್ಚಿಗೆ ಹೋಗುವುದನ್ನೂ ನಿಯಮ ಮಾಡಿ, ತಂದೆತಾಯಿಗೆ ಭರವಸೆ ಕೊಟ್ಟವು. ಕೂಲಿ ಇಳಿಸಿದಾಗ 1834ರಲ್ಲಿ, ವಸತಿಯ ದರ ಏರಿಸಿದಾಗ 1836ರಲ್ಲಿ ಆ ಹುಡುಗಿಯರು ಮುಷ್ಕರ ಹೂಡಿದರು. ಅವರ ಕೂಲಿ ಅವರ ಕೈಯಲ್ಲಿತ್ತು, ಆದ್ದರಿಂದ ಮುಷ್ಕರ ಸಾಧ್ಯವಾಯಿತು. ಮೇಜಿ ಕಾಲದ ಜಪಾನಿನಲ್ಲಿ ತಂದೆ ಮುಂಗಡ ಪಡೆದು ಕರಾರಿಗೆ ಮುದ್ರೆ ಒತ್ತಿದ ಮೇಲೆ ರೇಷ್ಮೆ, ಹತ್ತಿ ಗಿರಣಿಯ ವಸತಿಗೃಹ ಸೇರಿದ ಹುಡುಗಿಯರಿಗೆ ಹೆಚ್ಚಾಗಿ ಉಳಿದ ದಾರಿ ಓಡಿಹೋಗುವುದು. ಸುಮಂಗಲಿಯಲ್ಲಿ ಮೂರನೆಯ ವರ್ಷದ ಕೊನೆಯವರೆಗೆ ಹಣ ತಡೆದದ್ದರ ಪ್ರಯೋಜನ ಇಲ್ಲಿ ತಿಳಿಯುತ್ತದೆ. ಕೂಲಿಯ ಬಹುಪಾಲು ಎದುರಾಳಿಯ ಪೆಟ್ಟಿಗೆಯಲ್ಲಿ ಇರುವಾಗ ಯಾರು ಮುಷ್ಕರ ಹೂಡುತ್ತಾರೆ?

ಹೊರಗಿನ ಒತ್ತಡ ಬಂದದ್ದು 2011ರಲ್ಲಿ. ನೆದರ್‌ಲೆಂಡ್ಸಿನ ಎರಡು ಸಂಸ್ಥೆಗಳು, ಸೋಮೋ ಮತ್ತು ಇಂಡಿಯಾ ಕಮಿಟಿ ಆಫ್ ದ ನೆದರ್‌ಲೆಂಡ್ಸ್, ಈ ಯೋಜನೆಯ ಮೇಲೆ ವರದಿ ಪ್ರಕಟಿಸಿ, ನೂಲಿನಿಂದ ಯುರೋಪಿನ ಅಂಗಡಿಯವರೆಗಿನ ಸರಪಳಿಯನ್ನು ಎಳೆಎಳೆಯಾಗಿ ತೋರಿಸಿದವು. ಸ್ಪೇನಿನ ಉಡುಪು ಅಂಗಡಿಗಳಿಗೂ ತಿರುಪ್ಪೂರಿನಿಂದ ಬಟ್ಟೆ ಹೋಗುತ್ತದೆ. ಓ ಪೇರ್ ಹುಡುಗಿ ಅಲ್ಲಿ ಕೊಳ್ಳುವ ಟೀ ಷರ್ಟಿನ ನೂಲನ್ನು ತನ್ನ ವಯಸ್ಸಿನವಳೊಬ್ಬಳು ತೆಗೆದಿರುವ ಸಂಭವ ಇದ್ದೇ ಇದೆ. ಅದಕ್ಕೂ ಮೊದಲು, 2008ರಲ್ಲಿ, ತಮಿಳುನಾಡು ಸರ್ಕಾರ ಗಿರಣಿಯ ಅಪ್ರೆಂಟಿಸರಿಗೂ ಕನಿಷ್ಠ ವೇತನ ಗೊತ್ತುಮಾಡಿತ್ತು. 2014ರಲ್ಲಿ ಮಹಿಳೆಯರ ಮತ್ತು ಮಕ್ಕಳ ಹಾಸ್ಟೆಲುಗಳ ನಿಯಂತ್ರಣಕ್ಕೆ ಕಾನೂನು ತಂದಿತು. ಸುಮಂಗಲಿ ಎಂಬ ಹೆಸರು ಬೋರ್ಡುಗಳಿಂದ ಮಾಯವಾಯಿತು, ಅನೇಕ ಗಿರಣಿಗಳಲ್ಲಿ ಸಂಬಳ ಬ್ಯಾಂಕಿಗೆ ಬೀಳತೊಡಗಿತು. ಅಲ್ಲಿಗೆ ಕತೆ ಮುಗಿಯಿತು ಎನ್ನುವವರಿಗೆ ನನ್ನ ಉತ್ತರ: ಮುಗಿದದ್ದು ಇಡಿಗಂಟು, ಹಾಸ್ಟೆಲು ಮುಗಿದಿಲ್ಲ. ದಕ್ಷಿಣದ ಜಿಲ್ಲೆಗಳ ಹುಡುಗಿಯರ ಜಾಗಕ್ಕೆ ಒಡಿಶಾ, ಜಾರ್ಖಂಡ್, ಬಿಹಾರದವರು ಬಂದಿದ್ದಾರೆ, ಕೆಲವರು ಕೇಂದ್ರ ಸರ್ಕಾರದ ಕೌಶಲ ತರಬೇತಿಯ ಹೆಸರಿನಲ್ಲೇ ಬಂದಿದ್ದಾರೆ. ತಮಿಳೂ ತಿಳಿಯದ ಅವರನ್ನು ಗೇಟಿನೊಳಗೆ ಇಟ್ಟುಕೊಳ್ಳಲು ಮದುವೆಯ ಮಾತೂ ಬೇಕಾಗಿಲ್ಲ.

ಮಗಳ ಮದುವೆಯ ಹಣವನ್ನು ಕೊಡುಗೆಯಾಗಿ ನೋಡುವುದು ಗಿರಣಿಗಳು ಒಬ್ಬಂಟಿಯಾಗಿ ಕಲಿತ ವಿದ್ಯೆಯಲ್ಲ ಎಂಬುದನ್ನೂ ಹೇಳಬೇಕು. 1989ರಲ್ಲಿ ಕರುಣಾನಿಧಿ ಸರ್ಕಾರ ಮೂವಲೂರು ರಾಮಾಮೃತಂ ಅಮ್ಮೈಯಾರ್ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳಿಗೆ ಮದುವೆ ಸಹಾಯಧನ ಆರಂಭಿಸಿತು. ಜಯಲಲಿತಾ ಸರ್ಕಾರ 2011ರಲ್ಲಿ ಅದಕ್ಕೆ ತಾಳಿಯ ಚಿನ್ನ ಸೇರಿಸಿತು. ಓದಿದವರಿಗೇ ಎಂಬ ಷರತ್ತು ಇದ್ದದ್ದು ಅದರ ಒಳ್ಳೆಯ ಅಂಶ. ಆದರೂ ಹೆಣ್ಣಿನ ಹೆಸರಿಗೆ ಹಣ ಬರುವ ಗಳಿಗೆ ಮದುವೆಯೇ ಎಂಬುದನ್ನು ಸರ್ಕಾರವೂ ಗಿರಣಿಯೂ ಒಂದೇ ದನಿಯಲ್ಲಿ ಹೇಳಿದಂತಾಯಿತು. 2022ರಲ್ಲಿ ಈ ಯೋಜನೆಯನ್ನು ಉನ್ನತ ಶಿಕ್ಷಣದ ನೆರವಾಗಿ ಬದಲಿಸಿ, ಪುದುಮೈ ಪೆಣ್ ಎಂದು ಕರೆದು, ಕಾಲೇಜಿನಲ್ಲಿ ಓದುವ ಹುಡುಗಿಯ ಖಾತೆಗೆ ತಿಂಗಳಿಗೆ 1,000 ರೂಪಾಯಿ ಹಾಕಲು ಶುರುಮಾಡಿದರು. ಇಡಿಗಂಟಲ್ಲ, ತಿಂಗಳ ಹಣ. ಗಂಡನಿಗಾಗಿ ಅಲ್ಲ, ಓದಿಗಾಗಿ. ಆರಂಭದಲ್ಲಿ ಗೊತ್ತುಮಾಡಿದ ಅರ್ಹತೆ, 6ರಿಂದ 12ನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿರಬೇಕು ಎಂಬುದು. ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಟ್ಟು ಗಿರಣಿಯ ವ್ಯಾನು ಹತ್ತಿದವಳಿಗೆ ಅದು ಅನ್ವಯಿಸುವುದಿಲ್ಲ.